ಸಹಾಯ ಬೇಕು: ಟೈಮ್‌ಶೇರ್ ಕಂಪನಿಯಿಂದಲೇ ತಗೊಳ್ಳೋದಾ, ರೀಸೇಲಾ?

ನಮಸ್ಕಾರ, ನಾವು ಗಂಗಾವತಿಯವರು. ಹೋದ ವಾರ ಬಳ್ಳಾರಿಯ ಒಂದು ಹೋಟೆಲಿಗೆ ಕರೆದು, ಊಟ ಹಾಕಿ, ಮೂರು ಗಂಟೆ ಕೂರಿಸಿ ರೆಸಾರ್ಟ್ ಟೈಮ್‌ಶೇರ್ (ಮೊದಲೇ ದುಡ್ಡು ಕಟ್ಟಿ, ಪ್ರತಿ ವರ್ಷ ಕೆಲವು ದಿನ ರೆಸಾರ್ಟಿನಲ್ಲಿ ಉಳಿಯುವ ಮೆಂಬರ್‌ಶಿಪ್) ಬಗ್ಗೆ ಹೇಳಿದರು. ವರ್ಷಕ್ಕೆ 7 ದಿನ, 25 ವರ್ಷ, ನಾಲ್ಕೂವರೆ ಲಕ್ಷ. ಇವತ್ತೇ ಸಹಿ ಹಾಕಿದರೆ ರಿಯಾಯಿತಿ ಅಂತ ಪೆನ್ನು ಕೈಗೇ ಕೊಟ್ಟರು, ನಮ್ಮ ಮನೆಯವರು ಬೇಡ ಅಂತ ಎಬ್ಬಿಸಿಕೊಂಡು ಬಂದರು. ಆಮೇಲೆ ಹುಡುಕಿದರೆ ಅದೇ ಮೆಂಬರ್‌ಶಿಪ್ಪನ್ನು, 16 ವರ್ಷ ಬಾಕಿ ಇರುವುದನ್ನು, ಒಬ್ಬರು 1.2 ಲಕ್ಷಕ್ಕೆ ಮಾರುತ್ತಿದ್ದಾರೆ. ಅಷ್ಟು ಕಮ್ಮಿಗೆ ಯಾಕೆ ಬಿಡ್ತಾರೆ ಅನ್ನೋದೇ ಭಯ. ವರ್ಷದ ಮೇಂಟೆನೆನ್ಸ್ ಹೇಗಿದ್ದರೂ ಕಟ್ಟಲೇಬೇಕು, ಅದು ಗೊತ್ತು. ಹಳೇ ಬಾಕಿ ಇಲ್ಲ ಅನ್ನೋ ಪತ್ರ ಕೇಳಿದೆ, ಇನ್ನೂ ಬಂದಿಲ್ಲ. ಕಂಪನಿಯವರು ವರ್ಗಾವಣೆಗೆ ಶುಲ್ಕ ಇದೆ ಅಂದರೇ ಹೊರತು ಎಷ್ಟು ಅಂತ ಹೇಳಲಿಲ್ಲ. ರೀಸೇಲ್‌ನಲ್ಲಿ ತಗೊಂಡವರಿಗೂ ಬೇರೆ ಊರಿನ ರೆಸಾರ್ಟ್ ಬುಕ್ ಮಾಡಲು ಬಿಡುತ್ತಾರಾ? ದುಡ್ಡು ಕೊಡುವ ಮುಂಚೆ ಯಾವ ಯಾವ ಕಾಗದ ಕೈಗೆ ಬಂದಿರಬೇಕು? ತಗೊಂಡವರು ದಯವಿಟ್ಟು ಹೇಳಿ.