ಠರಾವು ಮಾಡಿ ವಂತಿಗೆ ವಸೂಲಿ ಮಾಡಬಹುದಾ? ವಕೀಲರನ್ನು ಕೇಳಿ

ಮನೆ ಕೊಂಡವರು: ಮೇಡಂ, ಖಾತೆ ಬದಲಾವಣೆಗೆ ಪಂಚಾಯಿತಿಗೆ ಹೋಗಿದ್ದೆ. ಶುಲ್ಕದ ಮೇಲೆ ‘ಅಭಿವೃದ್ಧಿ ವಂತಿಗೆ’ ಅಂತ 15,000 ಕೇಳುತ್ತಿದ್ದಾರೆ. ಸಭೆಯಲ್ಲಿ ಠರಾವಾಗಿದೆಯಂತೆ. ಕಟ್ಟದಿದ್ದರೆ ಫೈಲ್ ಮುಂದೆ ಹೋಗಲ್ಲವಂತೆ.

ಅಂಗಡಿಯವರು: ವೃತ್ತಿ ತೆರಿಗೆ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ಹಾಕಬಹುದಾ?

ವಕೀಲರು: ಇಲ್ಲ. ಸಂವಿಧಾನದ 276ನೇ ವಿಧಿ ಹಾಕಿದ ಮಿತಿ ಅದು. ನಮ್ಮಲ್ಲಿ ಈಗ ಸಂಬಳದವರಿಗೆ ತಿಂಗಳಿಗೆ 200, ಫೆಬ್ರವರಿಗೆ 300. ಒಟ್ಟು ಅಷ್ಟೇ.

ವಕೀಲರು: ವಂತಿಗೆ ವಿಷಯ ಕೇಳಿದವರಿಗೆ. ಇದು ನನಗೆ ಚಿಂತೆಯ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಸಂವಿಧಾನದ 265ನೇ ವಿಧಿ ಒಂದೇ ಸಾಲು. ಕಾನೂನಿನ ಅಧಿಕಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ಬರೀ ಠರಾವು ಕಾನೂನಲ್ಲ. ಪಂಚಾಯಿತಿಗೆ ಆ ಅಧಿಕಾರ ಶಾಸನಸಭೆ ಮಾಡಿದ ಕಾಯ್ದೆಯಿಂದಲೇ ಬರಬೇಕು. ನಮ್ಮಲ್ಲಿ ಅದು 1993ರ ಪಂಚಾಯತ್ ರಾಜ್ ಕಾಯ್ದೆ. ‘ತೆರಿಗೆಯಲ್ಲ, ಶುಲ್ಕ’ ಅಂದರೂ ನಡೆಯಲ್ಲ. ಅಹಮದಾಬಾದಿನ ನಗರಾಭಿವೃದ್ಧಿ ಪ್ರಾಧಿಕಾರ ಹೀಗೇ ಅಭಿವೃದ್ಧಿ ಶುಲ್ಕ ಹಾಕಿತ್ತು. ಕಾಯ್ದೆಯಲ್ಲಿ ಸ್ಪಷ್ಟ ಅಧಿಕಾರ ಇಲ್ಲ ಅಂತ 1992ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಯಾವ ಕಲಂ ಪ್ರಕಾರ ಕೇಳುತ್ತಿದ್ದೀರಿ ಅಂತ ಅರ್ಜಿ ಕೊಡಿ. ಠರಾವಿನ ನಕಲು ಕೇಳಿ, ಸ್ವೀಕೃತಿ ಹಾಕಿಸಿಕೊಳ್ಳಿ. ಕಟ್ಟಲೇಬೇಕಾಗಿ ಬಂದರೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಅಂತ ಬರೆದೇ ಕಟ್ಟಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಹೊಸ ಸದಸ್ಯರು: ಫಾರ್ವರ್ಡ್ ಬಂದಿದೆ: ‘265ನೇ ವಿಧಿ ಅಂತ ಪತ್ರ ಬರೆದುಕೊಟ್ಟರೆ ಆದಾಯ ತೆರಿಗೆ ಕಟ್ಟಬೇಕಿಲ್ಲ.’ ಹೌದಾ?

ವಕೀಲರು: ಸುಳ್ಳು. ಆದಾಯ ತೆರಿಗೆಗೆ ಸಂಸತ್ತಿನ ಕಾಯ್ದೆ ಇದೆ. ಪತ್ರ ನಂಬಿ ಕೂತರೆ ಬಡ್ಡಿ, ದಂಡ ಎರಡೂ ಬೀಳುತ್ತವೆ. ಈ ವಾರ ಇದು ಮೂರನೇ ಸಲ. ದಯವಿಟ್ಟು ಇಲ್ಲಿ ಹಾಕಬೇಡಿ.

ಮೇಷ್ಟ್ರು: ಗ್ಯಾರಂಟಿಗಳಿಗೆ ಹೀಗೆ ಖರ್ಚು ಮಾಡಲು ಮಿತಿ ಇಲ್ವಾ?

ತೋಟದವರು: ಬಸ್ಸು ಹತ್ತುವ ಹೆಣ್ಮಕ್ಕಳೇ ಕಾಣುವುದಾ ಮೇಷ್ಟ್ರೇ? ಕಂಪನಿಗಳಿಗೆ ಬಿಟ್ಟ ತೆರಿಗೆ ಕಾಣಲ್ವಾ?

ಮೇಷ್ಟ್ರು: ನಾನು ಕೇಳಿದ್ದು ಕಾನೂನು. ನಿಮ್ಮ ಭಾಷಣ ಅಲ್ಲ.

ತೋಟದವರು: ನಿಮ್ಮ ಪಿಂಚಣಿಯೂ ಅದೇ ಬೊಕ್ಕಸದ್ದು.

ವಕೀಲರು: ಇಬ್ಬರೂ ನಿಲ್ಲಿಸಿ. ಸಂಚಿತ ನಿಧಿಯಿಂದ, ಅಂದರೆ ರಾಜ್ಯದ ಬೊಕ್ಕಸದಿಂದ, ಹಣ ತೆಗೆಯಲು ಶಾಸನಸಭೆಯಲ್ಲಿ ಧನವಿನಿಯೋಗ ಮಸೂದೆ (ಖರ್ಚಿಗೆ ಒಪ್ಪಿಗೆ ಕೊಡುವ ಮಸೂದೆ) ಪಾಸಾಗಬೇಕು. 204, 266ನೇ ವಿಧಿ ನೋಡಿ. ಸಾರ್ವಜನಿಕ ಉದ್ದೇಶಕ್ಕೆ ಕೊಡಲು 282 ಇದೆ. ತಮಿಳುನಾಡು ಸರ್ಕಾರ ಜನರಿಗೆ ಉಚಿತ ಟಿವಿ ಕೊಟ್ಟದ್ದನ್ನು ಪ್ರಶ್ನಿಸಿದ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಅಡ್ಡ ಬರಲಿಲ್ಲ.

ಅಕೌಂಟೆಂಟ್: ಸೆಸ್ ಹಣದಲ್ಲಿ ರಾಜ್ಯಗಳಿಗೆ ಪಾಲು ಯಾಕಿಲ್ಲ ಮೇಡಂ?

ಹೊಸ ಸದಸ್ಯರು: ವೃತ್ತಿ ತೆರಿಗೆಗೆ ಮಿತಿ ಎಷ್ಟು?

ವಕೀಲರು: ಮೇಲೆ ಓದಿ.

ಮೇಷ್ಟ್ರು: ಪಿಂಚಣಿ ಮಾತಿಗೆ ಕ್ಷಮೆ ಕೇಳಲಿ ಅವರು.

ಮನೆ ಕೊಂಡವರು: ಮೇಡಂ, ಅರ್ಜಿ ತಗೊಂಡು ಹೋದೆ. ಸ್ವೀಕೃತಿ ಹಾಕಲ್ಲ ಅಂತಿದ್ದಾರೆ.

ವಕೀಲರು: ಸ್ಪೀಡ್ ಪೋಸ್ಟಿನಲ್ಲಿ ಇವತ್ತೇ ಕಳಿಸಿ, ರಸೀದಿ ಜೋಪಾನ. ಠರಾವಿನ ನಕಲು ಸಿಕ್ಕಿದ ತಕ್ಷಣ ನನಗೆ ಕಳಿಸಿ.