ಸಹಾಯ ಬೇಕು: ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡಲ್ಲಿ ಟೀಚರ್ ಸಂಬಳ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ಮಾನ್ವಿ ಕಡೆ 9 ಹಳ್ಳಿಗಳಲ್ಲಿ ಗುಳೆ ಹೋದವರ ಮಕ್ಕಳಿಗೆ ಸಂಜೆ ಪಾಠ ನಡೆಸುವ ಸಣ್ಣ ಟ್ರಸ್ಟ್ ನಮ್ಮದು. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ನಮಗೂ ಒಂದು ಪಾಲು ಕೊಡ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ಆದಮೇಲೆ ಆ ದುಡ್ಡನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೇ ಇಲ್ಲ, ನಿಂತೇಹೋಯ್ತು. ಆಮೇಲೆ ಒಂದು ಕಂಪನಿ ಕೈಹಿಡೀತು. ಅವರ ಮೂರು ವರ್ಷದ ಒಪ್ಪಂದ ಈ ಮಾರ್ಚ್‌ಗೆ ಮುಗಿಯುತ್ತೆ, ಮುಂದುವರಿಸಲ್ಲ ಅಂದಿದ್ದಾರೆ.

ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ದುಡ್ಡು ಪಡೆಯೋಕೆ ಬೇಕಾದ ಸಿಎಸ್‌ಆರ್-1 ನೋಂದಣಿ ಎಲ್ಲ ಸರಿಯಿದೆ. 16 ಕಂಪನಿಗೆ ಮೇಲ್ ಹಾಕಿದೆ. ಊರಲ್ಲಿ ಚಂದಾ ಎತ್ತಿದ್ವಿ, ಅದು ಕರೆಂಟ್ ಬಿಲ್ಲಿಗೆ ಸರಿಹೋಯ್ತು. ಒಂದು ಕಂಪನಿ ಮಾತ್ರ ಒಪ್ಪಿದೆ, ಅದೂ ಟ್ಯಾಬ್, ಸ್ಮಾರ್ಟ್ ಟಿವಿ ಅಷ್ಟೇ ಕೊಡ್ತಾರಂತೆ. ಬೋರ್ಡಲ್ಲಿ ಲೋಗೋ ಎಷ್ಟು ದೊಡ್ಡದು ಬರುತ್ತೆ ಅಂತ ಆಗಲೇ ಕೇಳಿಯೂ ಆಯ್ತು! ಸಂಬಳ ಅಂದ್ರೆ, 'ಅದು ಆಡಳಿತ ವೆಚ್ಚ, 5% ಮಿತಿ ಇದೆ' ಅಂತಾರೆ. ನಾನು ನಿಯಮ ಓದಿದ ಪ್ರಕಾರ ಆ 5% ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋ ಖರ್ಚಿಗೆ. ಯೋಜನೆ ಜಾರಿ ಮಾಡೋ ಖರ್ಚು ಅದರಲ್ಲಿ ಬರಲ್ಲ. ಹೇಳಿದ್ರೆ, 'ನಮ್ಮ ಆಡಿಟರ್ ಒಪ್ಪಲ್ಲ ಮೇಡಂ'.

ನಿನ್ನೆ ಹಾಜರಿ ಪುಸ್ತಕಕ್ಕೆ ಸಹಿ ಹಾಕ್ತಾ ಟೀಚರ್ ಒಬ್ಬರು, "ಅಕ್ಕಾರ, ಏಪ್ರಿಲ್‌ದಾಗ ಬರೂದೋ ಬ್ಯಾಡೋ?" ಅಂದ್ರು. ಬಾಯಿಂದ ಮಾತೇ ಬರಲಿಲ್ಲ. ಪಾಠ ಹೇಳೋರೇ ಇಲ್ಲದಿದ್ರೆ ಟಿವಿ ಯಾರಿಗೆ?

ಟೀಚರ್ ಸಂಬಳವನ್ನ ಯೋಜನಾ ವೆಚ್ಚ ಅಂತ ತೋರಿಸಿ ಸಿಎಸ್‌ಆರ್ ಬಜೆಟ್ ಪಾಸ್ ಮಾಡಿಸಿಕೊಂಡವರು ಇಲ್ಲಿ ಇದ್ದೀರಾ? ಪ್ರಸ್ತಾವನೆಯಲ್ಲಿ ಅದನ್ನ ಯಾವ ಶೀರ್ಷಿಕೆಯಡಿ, ಹೇಗೆ ಬರೆದ್ರಿ?