‘ದಿ ಡೇ ಆಫ್ಟರ್ ಟುಮಾರೊ’: ಅಲೆಯನ್ನು ನಂಬಿದ ಕಣ್ಣು ತೋಳವನ್ನು ಏಕೆ ನಂಬುವುದಿಲ್ಲ?

ಪ್ರಶ್ನೆ

ರೋಲಾಂಡ್ ಎಮ್ಮೆರಿಕ್ ನಿರ್ದೇಶಿಸಿದ, 2004ರಲ್ಲಿ ತೆರೆಕಂಡ ಈ ಚಿತ್ರವನ್ನು ಮೊನ್ನೆ ಮಗಳೊಂದಿಗೆ ಮತ್ತೆ ನೋಡಿದೆ. ಸಮುದ್ರವು ನ್ಯೂಯಾರ್ಕಿನ ಬೀದಿಗಳಿಗೆ ನುಗ್ಗಿ, ವಾಹನಗಳನ್ನು ತರಗೆಲೆಗಳಂತೆ ಕೊಚ್ಚಿಕೊಂಡು ಸಾರ್ವಜನಿಕ ಗ್ರಂಥಾಲಯದವರೆಗೂ ಬರುವ ದೃಶ್ಯದಲ್ಲಿ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ತೋಳಗಳು ಕಾಣಿಸಿದೊಡನೆ, “ಇದು ಕಂಪ್ಯೂಟರಿನದು” ಎಂದುಬಿಟ್ಟಳು. ಒಂದೇ ಚಿತ್ರದಲ್ಲಿ ಈ ವ್ಯತ್ಯಾಸವೇಕೆ? ಚಿತ್ರದಲ್ಲಿ ತೋರಿಸಿದಂತೆ ಕೆಲವೇ ದಿನಗಳಲ್ಲಿ ಹಿಮಯುಗ ಬರುವುದು ಸಾಧ್ಯವೇ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಮಗಳ ಕಣ್ಣು ಸೂಕ್ಷ್ಮವಾಗಿದೆ. ಹಿಂದೆ ಪ್ರವಾಹದ ದೃಶ್ಯಗಳಿಗೆ ಪುಟ್ಟ ಮಾದರಿ ಊರುಗಳನ್ನು ಕಟ್ಟಿ ನೀರು ಹರಿಸುತ್ತಿದ್ದರು. ಕಟ್ಟಡವನ್ನು 25ರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ, ನೀರು ಭಾರವಾಗಿ ಬೀಳುವಂತೆ ಕಾಣಲು ಕ್ಯಾಮೆರಾವನ್ನು ಐದು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 24ರ ಬದಲು 120 ಫ್ರೇಮ್‌ಗಳಂತೆ (ಬಿಡಿ ಚಿತ್ರಗಳಂತೆ) ಓಡಿಸಬೇಕು; ಅದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ನೀರು ನಿಧಾನವಾಗಿ ಬೀಳುವಂತೆ ಕಾಣುತ್ತದೆ. ಆದರೂ ಹನಿಯ ಗಾತ್ರವನ್ನು ಕುಗ್ಗಿಸಲಾಗದು. ತೆರೆಯ ಮೇಲೆ ಒಂದೊಂದು ಹನಿಯೂ ತೆಂಗಿನಕಾಯಿಯಷ್ಟು ಕಂಡು ಗುಟ್ಟು ಬಯಲಾಗುತ್ತದೆ. ಈ ಚಿತ್ರದ ದೊಡ್ಡ ಅಲೆಯನ್ನು ಕಂಪ್ಯೂಟರಿನಲ್ಲಿಯೇ ರೂಪಿಸಿದ್ದರಿಂದ ಆ ತೊಡಕು ಇರಲಿಲ್ಲ. ಮ್ಯಾನ್‌ಹಟನ್ನಿನ ಬೀದಿಗಳನ್ನು ಲೇಸರಿನಿಂದ ಅಳೆದು, ಅಸಂಖ್ಯ ಛಾಯಾಚಿತ್ರಗಳನ್ನು ಆ ಅಳತೆಗೆ ಹೊದಿಸಿ ನಗರವನ್ನು ಕಟ್ಟಿದ್ದರು. ನಟರು ನೀರಿನಲ್ಲಿ ಓಡುವ ಭಾಗಗಳನ್ನು ಮಾಂಟ್ರಿಯಲ್‌ನ ಸೆಟ್‌ನಲ್ಲಿ ನಿಜವಾದ ನೀರಿನಲ್ಲೇ ಚಿತ್ರೀಕರಿಸಿದ್ದರು. ಮೋಡ ಕವಿದ ಬೂದು ಬೆಳಕು ಇವೆರಡರ ಬೆಸುಗೆಯನ್ನು ಮರೆಮಾಡುತ್ತದೆ.

ಅಷ್ಟು ದೊಡ್ಡ ಅಲೆಯನ್ನು ನಾವು ಯಾರೂ ಕಂಡಿಲ್ಲ, ಹಾಗಾಗಿ ಹೋಲಿಸಿ ನೋಡಲು ಕಣ್ಣಿಗೆ ಏನೂ ಸಿಗುವುದಿಲ್ಲ. ತೋಳವನ್ನೇ ಹೋಲುವ ನಾಯಿಯ ನಡಿಗೆಯನ್ನಾದರೋ ಪ್ರತಿದಿನ ನೋಡುತ್ತೇವೆ. ಪಾದ ನೆಲಕ್ಕೆ ಊರುವಾಗ ಮೈಭಾರ ಸ್ವಲ್ಪ ತಪ್ಪಿದರೂ ಮಗುವಿಗೂ ಗೊತ್ತಾಗುತ್ತದೆ.

ಉತ್ತರ 2

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಕಥೆಯ ಬೀಜ ನಿಜವಾದದ್ದು. ಉತ್ತರ ಅಟ್ಲಾಂಟಿಕ್‌ನಲ್ಲಿ ಉಪ್ಪು ಹೆಚ್ಚಿರುವ ನೀರು ತಣ್ಣಗಾಗಿ ಆಳಕ್ಕೆ ಇಳಿಯುವುದರಿಂದ ಬೆಚ್ಚನೆಯ ನೀರು ಉತ್ತರದತ್ತ ಸಾಗುತ್ತಿರುತ್ತದೆ; ಹಿಮ ಕರಗಿದ ಸಿಹಿನೀರು ಬೆರೆತರೆ ಮೇಲ್ಪದರ ಹಗುರವಾಗಿ ಈ ಪರಿಚಲನೆ ಕುಗ್ಗಬಲ್ಲದು. ಸುಮಾರು 12,900 ವರ್ಷಗಳ ಹಿಂದೆ ಆರಂಭವಾದ ‘ಯಂಗರ್ ಡ್ರಾಯಸ್’ ಶೀತಕಾಲಕ್ಕೆ ಇದೇ ಕಾರಣವೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಆದರೆ ಅಂಥ ಬದಲಾವಣೆಗೆ ದಶಕಗಳೇ ಬೇಕು. ಚಿತ್ರದಲ್ಲಿರುವಂತೆ ಮೇಲಿನಿಂದ ಇಳಿದ ಗಾಳಿ ಮನುಷ್ಯರನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸುವುದಂತೂ ಸಾಧ್ಯವೇ ಇಲ್ಲ, ಏಕೆಂದರೆ ಕೆಳಗಿಳಿಯುವ ಒಣಗಾಳಿ ಒತ್ತಡಕ್ಕೆ ಸಿಕ್ಕಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ.

ಚಿತ್ರದ ಆರಂಭದ ದೃಶ್ಯದಲ್ಲಿ ಬಿರುಕು ಬಿಡುವ, ಅಂಟಾರ್ಕ್ಟಿಕಾದ ಲಾರ್ಸೆನ್ ಬಿ ಹಿಮಚಾಚಿನಿಂದ (ಸಮುದ್ರದ ಮೇಲೆ ಚಾಚಿಕೊಂಡ ಹಿಮದ ಹಾಸಿನಿಂದ) ಸುಮಾರು 3,250 ಚದರ ಕಿಲೋಮೀಟರ್ ಭಾಗವು 2002ರಲ್ಲಿ ಕೆಲವೇ ವಾರಗಳಲ್ಲಿ ನಿಜವಾಗಿಯೇ ಒಡೆದುಹೋಯಿತು. ನನ್ನನ್ನು ಇಂದಿಗೂ ಕಾಡುವುದು ಅದೇ ದೃಶ್ಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತೆಂಗಿನಕಾಯಿಯಷ್ಟು ಹನಿಯ ಮಾತು ಮಗಳಿಗೆ ಬಹಳ ಹಿಡಿಸಿತು. ಭಾನುವಾರ ಅವಳ ಆಟಿಕೆಯ ಮನೆಗಳ ಮೇಲೆ ಬಕೆಟ್ ನೀರು ಸುರಿದು, ಫೋನಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ ನೋಡುತ್ತೇವೆ.